ನಕ್ಷೆಯಲ್ಲಿ ಚಪ್ಪಟೆ, ಲೇತಿನಲ್ಲಿ ದುಂಡು

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಆಧುನಿಕ ಕಲೆಯ ಪಂಥಗಳು ಇಂದಿನ ಮನೆಗಳ ಒಳಾಂಗಣವನ್ನೂ ಮೇಜು ಕುರ್ಚಿಗಳನ್ನೂ ಹೇಗೆ ತಿದ್ದಿವೆ ಎಂದು ಹೇಳಹೊರಟಿರುವ ನಾನು ಆ ವಿಷಯವಾಗಿ ಓದಿರುವುದು ಒಂದೇ ಪುಸ್ತಕ, ಅದರಲ್ಲೂ ಅರ್ಧ. ಉಳಿದರ್ಧವನ್ನು ಮುಟ್ಟುವ ಮೊದಲೇ ಕಾಲೇಜಿನ ಗ್ರಂಥಪಾಲಕರು ಪುಸ್ತಕವನ್ನು ಹಿಂದಕ್ಕೆ ಪಡೆದರು. ಈ ಬರಹದಲ್ಲಿ ಕಾಣುವ ತಪ್ಪುಗಳೆಲ್ಲ ಆ ಉಳಿದರ್ಧಕ್ಕೆ ಸೇರಿದವೆಂದು ದಯವಿಟ್ಟು ತಿಳಿಯಬೇಕು.

ಓದಿದ ಅರ್ಧವಾದರೂ ನನ್ನ ತಲೆಗೇರಿತ್ತು. ನಮ್ಮ ಕುಟುಂಬದಲ್ಲಿ ಬಿ.ಎ. ಮುಗಿಸಿದ ಮೊದಲಿಗಳು ನಾನು, ತಲೆಗೇರಿಸಿಕೊಳ್ಳದಿದ್ದರೆ ಹೇಗೆ? ಘನಾಕೃತಿ ಪಂಥದ ಕಲಾವಿದರು ಒಂದೇ ಮುಖವನ್ನು ಎದುರಿನಿಂದಲೂ ಪಕ್ಕದಿಂದಲೂ ಒಮ್ಮೆಗೇ ತೋರಿಸುತ್ತಾರೆ ಎಂದು ಓದಿದ ದಿನ, ಒಲೆಯ ಮುಂದೆ ಕುಳಿತು ಒಂದು ಕಣ್ಣಲ್ಲಿ ಹಾಲನ್ನೂ ಇನ್ನೊಂದರಲ್ಲಿ ನನ್ನನ್ನೂ ಕಾಯುತ್ತಿದ್ದ ಅವ್ವ ಅಪ್ಪಟ ಘನಾಕೃತಿಯಾಗಿ ಕಂಡರು. ಇರುವುದನ್ನು ಕಡಿಮೆ ಮಾಡುವುದರಲ್ಲೇ ಸೊಗಸು ಕಾಣುವ ಇನ್ನೊಂದು ಪಂಥವಿದೆ. ಸಿರಿವಂತರು ವಿನ್ಯಾಸಕಾರರನ್ನು ಕರೆಸಿ, ಸಾಮಾನುಗಳನ್ನೆಲ್ಲ ಹೊರಹಾಕಿಸಿ ಅಲ್ಲಿಗೆ ತಲುಪುತ್ತಾರೆ. ಒಂದು ಚಾಪೆ, ಒಂದು ಕ್ಯಾಲೆಂಡರು ಇದ್ದ ನಮ್ಮ ನಡುಮನೆ ಸಾಮಾನು ಕೊಳ್ಳದೆಯೇ ಅಲ್ಲಿಗೆ ತಲುಪಿತ್ತು!

ಅಪ್ಪ ಚನ್ನಪಟ್ಟಣದಲ್ಲಿ ಬಣ್ಣದ ಗೊಂಬೆ ಕಡೆಯುವವರು. ಲೇತಿನಲ್ಲಿ ಮರದ ತುಂಡು ಗಿರಗಿರನೆ ತಿರುಗುತ್ತದೆ, ಅಪ್ಪನ ಉಳಿ ತಾಗುತ್ತದೆ, ತುಂಡು ದುಂಡಾಗುತ್ತದೆ. ಅವರ ಪ್ರಪಂಚದಲ್ಲಿ ಮೂಲೆ ಎಂಬುದು ಕಸಬರಿಕೆ ಇಡುವ ಜಾಗ ಮಾತ್ರ. ಆದರೆ ನಾನು ಪದವಿ ಮುಗಿಸುವ ಹೊತ್ತಿಗೆ ಪ್ಲಾಸ್ಟಿಕ್ ಗೊಂಬೆಗಳ ಹಾವಳಿಯಿಂದ ಕೆಲಸ ತೀರಾ ಇಳಿದಿತ್ತು. ಬಿಡದಿಯ ಕಡೆ ಒಂದರ ಪಕ್ಕ ಒಂದರಂತೆ ಕಾರ್ಖಾನೆಗಳು ಏಳುತ್ತಿದ್ದವು. ಒಂದು ದಿನ ಅಪ್ಪ ತಟ್ಟೆಯಿಂದ ತಲೆಯೆತ್ತದೆ ಹೇಳಿದರು: "ಈ ತಿಂಗ್ಳಲ್ಲಿ ಒಂದ್ ದೊಡ್ ಕೆಲ್ಸ ಬರ್ನಿಲ್ಲಾಂದ್ರೆ ಲೇತ್ ಮಾರ್ಬುಟ್ಟು ಬಿಡದೀಲಿ ಗೇಟ್ ಕಾಯಾಕ್ ಹೋಯ್ತೀನಿ." ಅವ್ವ ಸಾರು ಬಡಿಸುತ್ತಿದ್ದ ಸೌಟನ್ನು ಹಾಗೆಯೇ ಹಿಡಿದು ನಿಂತರು.

ಅದೇ ತಿಂಗಳು ಬಂದವರು ಬೆಂಗಳೂರಿನ ಒಬ್ಬ ಒಳಾಂಗಣ ವಿನ್ಯಾಸಕಿ. ಬಿಡದಿಯ ಕಾರ್ಖಾನೆಯೊಂದರ ಅತಿಥಿಗೃಹಕ್ಕೆ ನಲವತ್ತು ಕುರ್ಚಿ ಬೇಕು, ಚನ್ನಪಟ್ಟಣದ ಅರಗಿನ ಬಣ್ಣದಲ್ಲೇ ಬೇಕು, ಮೊದಲು ಒಂದು ಮಾದರಿ ಮಾಡಿಕೊಡಿ ಎಂದರು. ಅವರು ಬಿಡಿಸಿಟ್ಟ ಹಾಳೆ ನೋಡಿ ನನಗೆ ರೋಮಾಂಚನವಾಯಿತು. ಉದ್ದುದ್ದ ಆಯತಗಳು, ಕೆಂಪು, ಹಳದಿ, ನೀಲಿ, ನಡುನಡುವೆ ಕಪ್ಪು. ನೇರಗೆರೆ ಮತ್ತು ಮೂಲಬಣ್ಣಗಳ ಪಂಥ! ಕ್ಯಾನ್ವಾಸಿನಿಂದ ಕೆಳಗಿಳಿದು ಕುರ್ಚಿಯಾಗಿ ನಿಂತ ಪಂಥ! ನಾನು ಓದಿದ ಅರ್ಧದಲ್ಲೇ ಅದಿತ್ತು!

"ಡ್ರಾಯಿಂಗ್ ಅರ್ಥ ಆಯ್ತಲ್ವಾ?" ಎಂದರು ಮೇಡಂ.

"ಸಂಪೂರ್ಣವಾಗಿ" ಎಂದೆ. ಪದವೀಧರೆಯಾದವಳು ಬೇರೇನು ಹೇಳಲು ಸಾಧ್ಯ?

ಅವರು ಹೋದ ಮೇಲೆ ನಾನು ಅಪ್ಪನಿಗೆ ಯುರೋಪಿನ ಚರಿತ್ರೆಯನ್ನು ವಿವರಿಸತೊಡಗಿದೆ. "ಪಂಥ ಕಟ್ಕಂಡ್ ನಂಗೇನವ್ವ? ಅಳ್ತೆ ಹೇಳು" ಎಂದರು ಅಪ್ಪ. ಉದ್ದ ಹೇಳಿದೆ, ಅಗಲ ಹೇಳಿದೆ. ದಪ್ಪವನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಹದಿನೈದು ದಿನಗಳ ನಂತರ ಮೇಡಂ ಬಂದು ಮಾದರಿಗೆ ಹೊದಿಸಿದ್ದ ಮುಸುಕು ತೆಗೆದಾಗ ಅಲ್ಲಿ ನಿಂತಿದ್ದದ್ದು ಮೈಯೆಲ್ಲ ದುಂಡು ಕೋಲುಗಳಾಗಿದ್ದ ಕುರ್ಚಿ. ಬೆನ್ನಿಗೆ ಐದು ಕೋಲು, ಕೂರಲು ಒಂಬತ್ತು ಕೋಲು, ಕೈಗೂ ಕಾಲಿಗೂ ಕೋಲು. ಒಂದೊಂದೂ ಕನ್ನಡಿಯಂತೆ ಹೊಳೆಯುತ್ತಿತ್ತು.

"ಅಯ್ಯೋ, ಇದು ರೌಂಡ್ ಆಗಿದೆಯಲ್ಲ! ನಾನು ಬರೆದಿದ್ದು ಚಪ್ಪಟೆ ಪಟ್ಟಿ."

ನಲವತ್ತು ಕುರ್ಚಿಗಳೂ ಲೇತೂ ಒಟ್ಟಿಗೆ ಬಾಗಿಲು ದಾಟಿ ಹೋಗುವುದು ನನ್ನ ಕಣ್ಣಿಗೆ ಕಂಡಿತು. ಅಪ್ಪ ಮಾತ್ರ ಒಂದು ಕೋಲನ್ನು ಕಳಚಿ, ಮೇಡಂ ಕಣ್ಣಿಗೆ ನೇರವಾಗಿ, ದೂರದಲ್ಲಿ ಅಡ್ಡ ಹಿಡಿದರು.

"ಒಂದ್ ಕಣ್ ಮುಚ್ಕಂಡ್ ನೋಡಿ ಮೇಡಂ. ನೀವು ಬರ್ದಿರೋದು ಇದ್ನೇ ಅಲ್ವಾ?"

ಮೇಡಂ ಒಂದು ಕಣ್ಣು ಮುಚ್ಚಿದರು. ನಾನೂ ಮುಚ್ಚಿದೆ. ಬಾಗಿಲಲ್ಲಿ ನಿಂತಿದ್ದ ಅವ್ವನೂ ಮುಚ್ಚಿದರು. ನಿಜ! ಉದ್ದನೆಯ ಕೆಂಪು ಆಯತ! ನಲವತ್ತು ವರ್ಷ ದುಂಡನ್ನೇ ಕಡೆದವರಿಗೆ ಹಾಳೆಯ ಮೇಲಿನ ಆಯತವೆಂದರೆ ಪಕ್ಕದಿಂದ ಕಂಡ ಕೋಲು. ಅಗಲವೇ ಅದರ ದಪ್ಪ. ಆಗ ನನ್ನ ಬಾಯಿಂದ ಸತ್ಯ ಹೊರಬಿತ್ತು: "ತಪ್ಪು ನನ್ನದು ಮೇಡಂ. ದಪ್ಪ ಎಷ್ಟೆಂದು ನಾನು ಕೇಳಬೇಕಿತ್ತು. ಅರ್ಥವಾಗದೆಯೇ ಅರ್ಥವಾಯಿತು ಎಂದೆ."

"ಬಿಎ ಮಾಡ್ಕಂಡಿದ್ದೀಯ, ಗೊತ್ತಿಲ್ಲ ಅನ್ನಾಕ್ ಬರಾಕಿಲ್ವೇನವ್ವ?" ಎಂದರು ಅವ್ವ.

ಮೇಡಂ ನಕ್ಕುಬಿಟ್ಟರು. "ಚಪ್ಪಟೆ ಪಟ್ಟಿಗೆ ಇದೇ ಬಣ್ಣ ಹಾಕೋಕಾಗಲ್ವಾ?" ಎಂದು ಕೇಳಿದರು. ಅಪ್ಪ ಲೇತು ಓಡಿಸಿ, ತಿರುಗುವ ಕೋಲಿಗೆ ಅರಗಿನ ಕಡ್ಡಿ ಒತ್ತಿ ತೋರಿಸಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಬೆಣ್ಣೆಯಂತೆ ಹರಡಿಕೊಂಡಿತು. "ತಿರುಗ್ದೇ ಇದ್ರೆ ಬಣ್ಣ ಕೂರಾಕಿಲ್ಲ ಮೇಡಂ."

ಪುಸ್ತಕದ ಉಳಿದರ್ಧದಲ್ಲಿ ಏನಿತ್ತೋ ತಿಳಿಯದು. ಆದರೆ ಯಾವ ಪಂಥವೂ ಹಾಳೆಯಿಂದ ಇಳಿದು ನೇರವಾಗಿ ಕುರ್ಚಿಯಾಗುವುದಿಲ್ಲ, ನಡುವೆ ಒಬ್ಬರ ಕೈ ಇರುತ್ತದೆ, ಆ ಕೈಗೂ ತನ್ನದೊಂದು ಪಂಥವಿರುತ್ತದೆ ಎಂಬುದು ನನಗೆ ಆಗ ಹೊಳೆಯಿತು. ಮೇಡಂ ಕುಳಿತು ನೋಡಿದರು; ಕೂತಷ್ಟೇ ಬೇಗ ಎದ್ದರು. "ಕೂರೋಕೆ ಹಲಗೆ ಬೇಕೇ ಬೇಕು" ಎಂದರು. ಒಂದು ಕಣ್ಣು ಮುಚ್ಚಿ ಇನ್ನೊಮ್ಮೆ ಕುರ್ಚಿಯನ್ನು ನೋಡಿದರು. "ಬೆನ್ನು, ಕೈ, ಕಾಲು ಹೀಗೇ ಇರಲಿ. ನಲವತ್ತೂ ಮಾಡಿ."

ಅನಂತರ ಕುಟುಂಬದಲ್ಲಿ ಆದ ಬದಲಾವಣೆ ಇಷ್ಟು: ಅಪ್ಪ ಲೇತು ಮಾರಲಿಲ್ಲ, ಗೇಟು ಕಾಯಲು ಹೋಗಲಿಲ್ಲ. ವರ್ಷ ತುಂಬುವಷ್ಟರಲ್ಲಿ ಎರಡನೆಯ ಲೇತು ಬಂತು. ಅವ್ವ ಅರಗಿಗೆ ಬಣ್ಣ ಬೆರೆಸುವ ಕೆಲಸ ವಹಿಸಿಕೊಂಡರು. ವಿನ್ಯಾಸಕಾರರ ಬಳಿಗೆ ಹೋಗಿ, ಪ್ರತಿಯೊಂದನ್ನೂ ಎದುರಿನಿಂದ, ಪಕ್ಕದಿಂದ, ಮೇಲಿನಿಂದ ಮೂರು ಸಲ ಬರೆಸಿಕೊಂಡು ಬರುವ ಕೆಲಸ ನನ್ನದಾಯಿತು.