ನಮ್ಮ ಸಂದಿಗೆ ಹೊಂದುವ ಕಾರು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಕಾರಿನ ವಿಚಾರ ಬರೆಯಬೇಕೆಂದು ಕೂತರೂ ಕೈ ಮೊದಲು ಅಲ್ಲಿಗೇ ಓಡುತ್ತದೆ, ಅದಕ್ಕೇ ಅದನ್ನು ಮೊದಲೇ ಹೇಳಿಬಿಟ್ಟೆ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ತಗಡೂರು ಕಡೆ, ಅರ್ಧ ದಿನ ಸ್ಕೂಲು ಅರ್ಧ ದಿನ ಎಮ್ಮೆ. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ಸೊಸೆ ಬಾಣಂತನಕ್ಕೆ ತವರಿಗೆ, ಟಿ. ನರಸೀಪುರಕ್ಕೆ ಹೋಗಿದ್ದಳು. ಮಗು ಅಲ್ಲೇ ಹುಟ್ಟಿತು. ನಾನು ಮಾರನೇ ದಿನವೇ ನಂಜನಗೂಡಿನಲ್ಲಿ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬಂದೆ. ಎರಡು ಮುಷ್ಟಿಯನ್ನೂ ಬಿಗಿಹಿಡಿದು ಮಲಗಿತ್ತು, ಏನನ್ನೋ ಯಾರಿಗೂ ಕೊಡುವುದಿಲ್ಲ ಎಂದು ಹಟ ಹಿಡಿದ ಹಾಗೆ. ಅದು ನಮ್ಮ ಮನೆಯ ಹಟವೇ, ಸಂಶಯವಿಲ್ಲ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಪಕ್ಕದಲ್ಲಿ ಕೂತವನಿಗೆ, ಮುಂದೆ ಕೂತವಳಿಗೆ, ಕೊನೆಗೆ ಕಂಡಕ್ಟರಿಗೂ ಹೇಳಿದೆ.

ಆದರೆ ನನ್ನ ಹೆಂಡತಿಗೆ ಮಗುವನ್ನು ನೋಡಲಾಗಲಿಲ್ಲ. ಮಗು ಹುಟ್ಟುವ ಒಂದು ತಿಂಗಳ ಮುಂಚೆ ಅವಳು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಮಾಡಿ ಒಳಗೆ ರಾಡು ಹಾಕಿದ್ದರು. ವಾಕರ್ ಹಿಡಿದು ನಡುಮನೆಯಿಂದ ಜಗುಲಿಗೆ ಬಂದರೆ ಅದೇ ಅವಳ ದೇಶಸಂಚಾರ. ಮಗ ದಿನಾ ಸಂಜೆ ತಾಂಡ್ಯದ ಫ್ಯಾಕ್ಟರಿಯಿಂದ ಬಂದು ಫೋನಿನಲ್ಲಿ ಮಗುವಿನ ಮುಖ ತೋರಿಸುತ್ತಿದ್ದ. ಇವಳು ತಡೆಯಲಾಗದೆ ಆ ಕೆನ್ನೆ ಸವರುತ್ತಿದ್ದಳು. ಬೆರಳು ಗಾಜಿಗೆ ತಾಗಿದ ಕೂಡಲೇ ಏನೋ ಒತ್ತಿದಂತಾಗಿ ಕಾಲ್ ಕಟ್ಟಾಗುತ್ತಿತ್ತು. ಮುಟ್ಟಬೇಡ ಅವ್ವ ಎಂದು ಮಗ ಎಷ್ಟು ಸಲ ಹೇಳಿದರೂ ಮಾರನೇ ದಿನ ಅದೇ ಕತೆ. ಮೊಮ್ಮಗಳ ಮುಖ ಕಂಡೂ ಕೈ ಕಟ್ಟಿಕೊಂಡು ಕೂರುವುದು ಯಾವ ಅಜ್ಜಿಗೆ ಬರುತ್ತದೆ?

ಮೂರನೇ ತಿಂಗಳಲ್ಲಿ ನಾಮಕರಣ ಎಂದು ಬೀಗರು ಹೇಳಿ ಕಳಿಸಿದರು. ನಮ್ಮ ಮನೆಯಲ್ಲಿ ಮಗುವನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವವಳು ಅಪ್ಪನ ತಾಯಿ. ನನ್ನ ಮಗನನ್ನು ಹಾಕಿದ್ದು ನನ್ನ ಅವ್ವ. ಈಗ ಇವಳ ಸರದಿ. ಹೇಗೆ ಕರೆದುಕೊಂಡು ಹೋಗುವುದು? ಆಟೋ ನಮ್ಮ ಸಂದಿಯೊಳಕ್ಕೆ ಬರುತ್ತದೆ, ಆದರೆ ರಸ್ತೆಯ ಒಂದೊಂದು ಹಂಪಿಗೂ ಇವಳು ಸೆರಗು ಕಚ್ಚಿಕೊಳ್ಳುತ್ತಾಳೆ, ಕುಲುಕಾಟ ಬೇಡವೇ ಬೇಡ ಎಂದು ಡಾಕ್ಟರೂ ಹೇಳಿದ್ದರು. ಮಗ ಒಂದು ದಿನ ಗೆಳೆಯನ ದೊಡ್ಡ ಕಾರು ತಂದ. ಏಳು ಜನ ಕೂರುವ ಗಾಡಿ, ನೋಡಲು ಆನೆಯ ಹಾಗೆ. ಅದು ಸಂದಿಯ ಬಾಯಲ್ಲೇ ನಿಂತಿತು, ಒಳಕ್ಕೆ ಮೂಗು ತೂರಿಸಲೂ ಆಗಲಿಲ್ಲ. ಇವಳು ವಾಕರ್ ಊರಿಕೊಂಡು, ಎರಡು ಮನೆಯ ಜಗುಲಿಯ ಮೇಲೆ ಕೂತು ಸುಧಾರಿಸಿಕೊಂಡು, ಅಲ್ಲಿವರೆಗೂ ಹೋದಳು. ಹೋಗಿ ನೋಡಿದರೆ ಕಾರಿನ ಮೆಟ್ಟಿಲು ಮೊಣಕಾಲೆತ್ತರ. ಕಾಲು ಎತ್ತಲು ಎರಡು ಸಲ ನೋಡಿದಳು. ಮೂರನೇ ಸಲ ನೋಡಲಿಲ್ಲ, ತಿರುಗಿ ಹೊರಟಳು.

ಮನೆಗೆ ಬಂದು, ನೀವು ಹೋಗಿ ಬನ್ನಿ, ನಾನು ಫೋನಿನಲ್ಲೇ ನೋಡುತ್ತೇನೆ ಎಂದಳು. ಸಿಟ್ಟಿನಲ್ಲಿ ಹೇಳಿದ್ದರೆ ನನಗೆ ಅಷ್ಟು ಅನ್ನಿಸುತ್ತಿರಲಿಲ್ಲ. ಮೆಲ್ಲಗೆ ಹೇಳಿದಳು. ಆವತ್ತೇ ನಾನು ಮನಸ್ಸು ಗಟ್ಟಿ ಮಾಡಿದೆ, ಇವಳನ್ನು ಕರೆದುಕೊಂಡೇ ಹೋಗಬೇಕು, ಅದಕ್ಕೆ ಎಂಥ ಗಾಡಿ ಬೇಕೋ ಅಂಥದ್ದನ್ನೇ ತರಬೇಕು ಎಂದು.

ಹೇಗೂ ಮಗ ಕಾರು ಕೊಳ್ಳಬೇಕೆಂದಿದ್ದ. ಅವನ ಕಣ್ಣು ದೊಡ್ಡದರ ಮೇಲೆ. ನಾನು ಸಣ್ಣದು ಎಂದೆ. ಟೀ ಅಂಗಡಿಯಲ್ಲಿ, ಸೊಸೈಟಿಯ ಮುಂದೆ, ಹೊಳೆ ಹತ್ತಿರ, ಕಂಡಕಂಡವರನ್ನು ಕೇಳಿದೆ. ಸಣ್ಣ ಕಾರಿನ ತಗಡು ತೆಳ್ಳಗೆ, ಯಾರಾದರೂ ಗುದ್ದಿದರೆ ಗತಿ ಏನು ಎಂದರು. ಕಬ್ಬಿನ ಲಾರಿ ಪಕ್ಕದಲ್ಲಿ ಹೋದರೆ ಗಾಳಿಗೆ ಅಲ್ಲಾಡುತ್ತದೆ, ನಾಲ್ಕು ಜನ ಕೂತು ಏಸಿ ಹಾಕಿದರೆ ಏರಿನಲ್ಲಿ ಏದುಸಿರು ಬಿಡುತ್ತದೆ, ಡಿಕ್ಕಿಯಲ್ಲಿ ಒಂದು ಅಕ್ಕಿ ಮೂಟೆ ಇಟ್ಟರೆ ಮುಗಿಯಿತು ಎಂದರು. ಒಂದೂ ಸುಳ್ಳಲ್ಲ, ಈಗ ಹತ್ತಿ ಕೂತವನು ಹೇಳುತ್ತಿದ್ದೇನೆ. ತಗಡಿನ ಮಾತು ಮಾತ್ರ ನನಗೆ ಎರಡು ದಿನ ನಿದ್ದೆ ಕೆಡಿಸಿತು. ಗಾಳಿಚೀಲ ಇರುವುದನ್ನೇ ತರಬೇಕು, ಬೆಲ್ಟು ಹಾಕದೆ ಬಾಗಿಲು ಬಿಡಕೂಡದು, ಮಗ ಓಡಿಸುವಾಗ ಬಸ್ಸಿನ ಜೊತೆ ಪಂದ್ಯ ಕಟ್ಟಕೂಡದು ಎಂದು ಷರತ್ತು ಹಾಕಿದೆ.

ಇನ್ನೊಂದು ಕಡೆಯೂ ಇದೆಯಲ್ಲ. ಸಣ್ಣದು ಪೆಟ್ರೋಲು ಕಮ್ಮಿ ಕುಡಿಯುತ್ತದೆ. ಹೊಟ್ಟೆಬಾಕ ಗಾಡಿಯಾದರೆ ಹೊರಡುವ ಮುಂಚೆ ಒಂದು ಯೋಚನೆ ಬರುತ್ತದೆ, ಈ ವಾರ ಬೇಡ ಮುಂದಿನ ವಾರ ಎಂದು. ಮೊಮ್ಮಗಳನ್ನು ನೋಡಲು ಯಾವ ಅಜ್ಜಿಯೂ ಹಾಗೆ ಯೋಚನೆ ಮಾಡಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಅದು ನಮ್ಮ ಮನೆ ಬಾಗಿಲವರೆಗೂ ಬರುತ್ತದೆ.

ಬರುತ್ತದೆ ಎಂದು ಸುಮ್ಮನೆ ನಂಬುವವನಲ್ಲ ನಾನು. ಹಸು ಕಟ್ಟುವ ಹಳೇ ಹಗ್ಗ ಒಂದಿತ್ತು, ಅದನ್ನು ತೆಗೆದುಕೊಂಡೆ. ಸಂದಿಯ ಮನೆಮನೆ ಮುಂದೆಯೂ ಹಿಡಿದು ನೋಡಿ, ಎಲ್ಲಿ ತೀರಾ ಇಕ್ಕಟ್ಟೋ ಅಲ್ಲಿ, ನಲ್ಲಿಯ ಹತ್ತಿರ, ಗೋಡೆಯಿಂದ ಗೋಡೆಗೆ ಅಳೆದು ಒಂದು ಗಂಟು ಹಾಕಿದೆ. ಇವಳು ನೋವಿಲ್ಲದೆ ಕೂತು ಏಳುವುದು ನಮ್ಮ ಜಗುಲಿಯ ಮೇಲೆ ಮಾತ್ರ, ಕುರ್ಚಿಯೂ ಆಗುವುದಿಲ್ಲ, ಮಂಚವೂ ಆಗುವುದಿಲ್ಲ. ಆದ್ದರಿಂದ ಜಗುಲಿಯ ಎತ್ತರಕ್ಕೆ ಎರಡನೇ ಗಂಟು. ಹಗ್ಗ ಚೀಲಕ್ಕೆ ಹಾಕಿಕೊಂಡು ಮಗನ ಜೊತೆ ಮೈಸೂರಿನ ಶೋರೂಮಿಗೆ ಹೋದೆ.

ಅಲ್ಲಿ ಟೈ ಕಟ್ಟಿದವನೊಬ್ಬ ಕಾರಿನೊಳಗಿನ ಟೀವಿ, ಹಾಡು, ಬಣ್ಣ ಎಲ್ಲ ಹೇಳಿದ. ಅಗಲ ಎಷ್ಟಪ್ಪ ಎಂದರೆ ಕಾಗದ ನೋಡಿ ಮಿಲಿಮೀಟರಿನಲ್ಲಿ ಹೇಳಿದ. ಅದು ನನ್ನ ತಲೆಗೆ ಹತ್ತುವ ಲೆಕ್ಕವಲ್ಲ. ಹಗ್ಗ ತೆಗೆದೆ. ಸುತ್ತ ಇದ್ದವರು ನಕ್ಕರು, ಮಗ ಗೋಡೆ ಕಡೆ ತಿರುಗಿ ನಿಂತ. ನಾನು ಮಾತ್ರ ಕಾರಿನ ಒಂದು ಕಿವಿಯಿಂದ ಇನ್ನೊಂದು ಕಿವಿವರೆಗೆ ಹಗ್ಗ ಹಿಡಿಸಿ ನೋಡಿದೆ. ಕಿವಿ ಅಂದರೆ ಆ ಕನ್ನಡಿಗಳು. ಒಂದು ಗುಂಡಿ ಒತ್ತಿದರೆ ಕಿವಿ ಮಡಿಸಿಕೊಳ್ಳುತ್ತದೆ ಎಂದು ಅವನು ತೋರಿಸಿದ. ನಮ್ಮ ಜೋಡಿ ಎತ್ತುಗಳಿಗೂ ಅಷ್ಟು ಬುದ್ಧಿ ಇರಲಿಲ್ಲ.

ಮೊದಲನೇ ಕಾರಿನಲ್ಲಿ ಸೀಟು ತೀರಾ ತಗ್ಗು, ಕುಕ್ಕರುಗಾಲಲ್ಲಿ ಕೂತ ಹಾಗೆ. ಎರಡನೆಯದು ಚೂಪಾಗಿ ಚೆಂದ, ಬಾಗಿಲು ಕಿರಿದು. ಮೂರನೆಯದು ನೋಡಲು ನಿಲ್ಲಿಸಿದ ಬ್ರೆಡ್ಡಿನ ಹಾಗಿತ್ತು, ಮಗನಿಗೆ ಸುತರಾಂ ಹಿಡಿಸಲಿಲ್ಲ. ಅಗಲ ಮೊದಲ ಗಂಟಿನೊಳಗೇ ಇತ್ತು, ನೆಲದಿಂದ ಸೀಟಿಗೂ ಹಗ್ಗ ಹಿಡಿದೆ. ಎರಡನೇ ಗಂಟು ಸರಿಯಾಗಿ ಮೆತ್ತೆಯ ಮೇಲೆ ಬಂದು ಕೂತಿತು. ನಮ್ಮ ಜಗುಲಿ ಮೈಸೂರಿನಲ್ಲಿತ್ತು.

“ಇದೇಯಾ ಅಪ್ಪ?” ಎಂದ ಮಗ.

“ಇದೇ ಕಣ್ಲಾ. ಚೆಂದ ನೋಡೋಕೆ ನೀನು ಹೆಂಡ್ತಿ ತಂದಾಯ್ತು. ಇದು ನಿಮ್ಮವ್ವ ಕೂರೋಕೆ.”

ನಾಮಕರಣಕ್ಕೆ ಎರಡು ದಿನ ಇದ್ದಾಗ ಕಾರು ಬಂತು. ಗುಡಿಯಲ್ಲಿ ಪೂಜೆ ಮಾಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಸಂದಿಗೆ ತಂದೆವು. ಕಿವಿ ಮಡಿಸಿಕೊಂಡು, ನಲ್ಲಿ ದಾಟಿ, ಎರಡು ಕಡೆಯೂ ನಾಲ್ಕು ಬೆರಳು ಜಾಗ ಬಿಟ್ಟು, ಮನೆ ಬಾಗಿಲಿಗೆ ಬಂದು ನಿಂತಿತು. ನಾನು ಎದೆ ಉಬ್ಬಿಸಿಕೊಂಡು ಮುಂದಿನ ಬಾಗಿಲು ಎಳೆದೆ. ಒಂದು ಗೇಣು ತೆರೆದು ಟಕ್ಕೆಂದು ನಿಂತಿತು. ಕಲ್ಲಿಗೆ ತಾಗಿತ್ತು.

ಕಾರಿನ ಅಗಲ ಅಳೆದಿದ್ದೆ, ಸಂದಿಯ ಅಗಲ ಅಳೆದಿದ್ದೆ. ಸಂದಿಯಲ್ಲಿ ನಿಂತ ಮೇಲೆ ಬಾಗಿಲು ತೆರೆಯಲೂ ಜಾಗ ಬೇಕು ಎಂದು ಹೊಳೆದಿರಲಿಲ್ಲ. ನಮ್ಮ ಮನೆ ಮುಂದೆ ಸಂದಿ ಸ್ವಲ್ಪ ಅಗಲವೇ. ಆ ಅಗಲವನ್ನೆಲ್ಲ ನುಂಗಿ ಕೂತಿದ್ದು ನಮ್ಮದೇ ಬಟ್ಟೆ ಒಗೆಯುವ ಕಲ್ಲು, ನಮ್ಮಪ್ಪ ಹಾಕಿಸಿದ್ದು. ಎಲ್ಲರ ಮನೆ ಮುಂದೆಯೂ ಹಗ್ಗ ಹಿಡಿದಿದ್ದೆ, ನನ್ನ ಮನೆ ಮುಂದೆ ಹಿಡಿದಿರಲಿಲ್ಲ. ಅದು ನಮ್ಮದಲ್ಲವೇ, ಅದೇನು ಅಡ್ಡ ಬರುತ್ತದೆ ಎಂಬ ಭಾವನೆ.

ಎದುರು ಮನೆಯಾಕೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮನೆಯ ಮೆಟ್ಟಿಲು ಸಂದಿಗೆ ಚಾಚಿದೆ ಎಂದು ಹಿಂದೆ ಒಂದು ಸಲ ನಾನು ಪುರಸಭೆಗೆ ಅರ್ಜಿ ಬರೆಸಿ ಕೊಟ್ಟಿದ್ದೆ.

“ಅಣ್ಣಾ, ನಮ್ ಮೆಟ್ಲು ಒಂದ್ ಗೇಣು ಮುಂದಕ್ ಬಂದೈತೆ ಅಂತ ಅರ್ಜಿ ಕೊಟ್ಟಿದ್ರಲ್ಲ,” ಎಂದಳು. “ಈ ಕಲ್ಲು ಅರ್ಜೀಲಿ ಬರ್ದಿರ್ಲಿಲ್ವಾ?”

ಬರೆದಿರಲಿಲ್ಲ ಕಣಮ್ಮ ಎಂದೆ.

ಕಲ್ಲು ಕೀಳಿಸುವುದು ದೊಡ್ಡದಲ್ಲ. ಆದರೆ ನಾನು ಒಂದು ಗಳಿಗೆ ಹಿಂದೆಮುಂದೆ ನೋಡಿದೆ. ಇವಳು ಮದುವೆಯಾಗಿ ಬಂದ ಮಾರನೇ ದಿನದಿಂದ ಬಟ್ಟೆ ಒಗೆದ ಕಲ್ಲು ಅದು. ನಡುವೆ ಸವೆದು ಹಳ್ಳ ಬಿದ್ದಿದೆ. ಇನ್ನು ಬಗ್ಗಕೂಡದು ಎಂದು ಡಾಕ್ಟರು ಹೇಳಿದ ದಿನ ಅವಳು ಅದನ್ನು ನೋಡಿಕೊಂಡು ಬಹಳ ಹೊತ್ತು ಕೂತಿದ್ದಳು. ನಾನು ಜಗುಲಿಯ ಕಡೆ ತಿರುಗಿದೆ. ಅವಳು ಅಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ನನ್ನ ಮುಖ ಏನ್ ನೋಡ್ತೀರಿ? ಆರೆ ತನ್ನಿ,” ಎಂದಳು.

ಹಾರೆ ನಮ್ಮ ಮನೆಯಲ್ಲಿರಲಿಲ್ಲ. ಎದುರು ಮನೆಯಾಕೆಯೇ ತಂದುಕೊಟ್ಟಳು, ಜೊತೆಗೆ ಅವಳ ಗಂಡನನ್ನೂ ಕಳಿಸಿದಳು. ಮೂವರು ಸೇರಿ ಮೀಟಿ, ಉರುಳಿಸಿ, ಹಿತ್ತಲಿಗೆ ಸಾಗಿಸುವಷ್ಟರಲ್ಲಿ ಮಧ್ಯಾಹ್ನ ಆಯಿತು. ಮತ್ತೆ ಕಾರಿನ ಬಾಗಿಲು ಎಳೆದೆ. ಪೂರ್ತಿ ತೆರೆಯಿತು. ಇವಳು ವಾಕರ್ ಹಿಡಿದು ಬಂದು, ಬೆನ್ನು ತಿರುಗಿಸಿ, ಜಗುಲಿಯ ಮೇಲೆ ಕೂರುವ ಹಾಗೆ ಕೂತಳು. ಒಂದೊಂದಾಗಿ ಕಾಲು ಒಳಗಿಟ್ಟುಕೊಂಡಳು. ನೋವಾಯಿತಾ ಎಂದು ಕೇಳಿದೆ. ಬಾಗಿಲು ಹಾಕಿ ಎಂದಳು.

ನಾಮಕರಣದ ಬೆಳಿಗ್ಗೆ ಮಗ ಓಡಿಸಿದ, ಇವಳು ಮುಂದೆ, ನಾನು ಹಿಂದೆ. ಸಣ್ಣ ಕಾರಿನ ದೋಷವನ್ನೆಲ್ಲ ಅನುಭವಿಸಿದವನು ನಾನೇ. ವಾಕರ್ ಡಿಕ್ಕಿಗೆ ಹಿಡಿಸಲಿಲ್ಲ, ನನ್ನ ತೊಡೆಯ ಮೇಲೆ ಮಲಗಿತು. ಒಂದು ಪಕ್ಕದಲ್ಲಿ ರಸಬಾಳೆ ಗೊನೆ, ಇನ್ನೊಂದು ಪಕ್ಕದಲ್ಲಿ ಬಟ್ಟೆಯ ತಟ್ಟೆ, ಮೊಣಕಾಲು ಎದೆಗೆ. ಕಬ್ಬಿನ ಲಾರಿ ಬಂದಾಗ ಹೇಳಿದ ಹಾಗೇ ಅಲ್ಲಾಡಿತು. ಹಂಪು ಕಂಡರೆ ಮಗ ಎತ್ತಿನಗಾಡಿಗಿಂತ ನಿಧಾನ ಮಾಡುತ್ತಿದ್ದ, ಹಿಂದೆ ಬಂದವರು ಹಾರನ್ ಹೊಡೆದು ಬೈದುಕೊಂಡು ಹೋದರು. ಹೋಗಲಿ. ನಾನು ನೋಡುತ್ತಿದ್ದದ್ದು ಒಂದೇ, ಇವಳು ಸೆರಗು ಕಚ್ಚುತ್ತಾಳೋ ಎಂದು. ಒಂದು ಸಲವೂ ಕಚ್ಚಲಿಲ್ಲ. ಭತ್ತದ ಗದ್ದೆ ನೋಡಿಕೊಂಡು, ಯಾರ ಗದ್ದೆಯಲ್ಲಿ ಕಳೆ ಜಾಸ್ತಿ ಎಂದು ಹೇಳುತ್ತಾ ಬಂದಳು. ಎಷ್ಟು ತಿಂಗಳಾಗಿತ್ತು ಅವಳು ಬೇರೆಯವರ ಗದ್ದೆಗೆ ಹೆಸರಿಟ್ಟು!

ಬೀಗರು ಬೀದಿಗೇ ಬಂದು ನಿಂತಿದ್ದರು. ತಮಾಷೆ ಮನುಷ್ಯ.

“ಏನ್ ಬೀಗ್ರೇ, ಬೆಂಕಿಪೊಟ್ಣದಲ್ಲಿ ಬಂದ್ರಾ?”

“ಕಡ್ಡಿ ಮುಂದಿನ್ ಸೀಟಲ್ಲವ್ಳೆ, ಉಷಾರಾಗ್ ಮಾತಾಡಿ,” ಎಂದೆ.

ಅವರ ಮನೆಗೆ ನಾಲ್ಕು ಮೆಟ್ಟಿಲು. ಅದನ್ನೂ ನಾನು ಅಳೆದಿರಲಿಲ್ಲ. ಬೀಗಿತ್ತಿ ಒಳ್ಳೆಯ ಮನಸ್ಸಿನಿಂದಲೇ, ನೀವು ಕಷ್ಟಪಡಬೇಡಿ ಅಕ್ಕ, ಕೂತಲ್ಲೇ ಕೂತಿರಿ, ಮಗುವನ್ನು ಕಾರಿಗೇ ತಂದು ಮಡಿಲಿಗೆ ಹಾಕುತ್ತೇವೆ ಎಂದರು. ಸೊಸೆ ಆಗಲೇ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಿದ್ದಳು. ಹತ್ತೇ ಮಾರು ದೂರ. ಇವಳ ಎರಡು ಕೈಯೂ ತಾವಾಗಿಯೇ ಮುಂದೆ ಹೋದವು. ಆಮೇಲೆ ಹಿಂದಕ್ಕೆ ಎಳೆದುಕೊಂಡಳು.

“ಬ್ಯಾಡ ಕಣವ್ವ. ನನ್ ಮೊಮ್ಮಗ್ಳುನ್ನ ಬೀದೀಲಿ ನೋಡೋಕ್ ಬಂದಿಲ್ಲ ನಾನು. ತೊಟ್ಲಿಗೆ ಆಕೋಕ್ ಬಂದಿವ್ನಿ. ಒಳೀಕ್ ಕರ್ಕೊಂಡ್ ನಡಿ, ನಾನ್ ಬತ್ತೀನಿ.”

ಕಾರಿನಿಂದ ಎದ್ದಳು. ಮಗ ಒಂದು ಕಡೆ, ನಾನು ಒಂದು ಕಡೆ. ಮೆಟ್ಟಿಲಿಗೆ ಒಂದೊಂದು ಸಲ ನಿಂತಳು. ಮೂರನೆಯದರಲ್ಲಿ ನನ್ನ ತೋಳು ಹಿಡಿದ ಹಿಡಿತ ನೋಡಿ, ಸಾಕು ಎನ್ನಬೇಕು ಅನ್ನಿಸಿತು. ಅನ್ನಲಿಲ್ಲ, ಅಂದಿದ್ದರೂ ಕೇಳುತ್ತಿರಲಿಲ್ಲ. ಒಳಗೆ ಕುರ್ಚಿಯ ಮೇಲೆ ಎರಡು ದಿಂಬು ಇಟ್ಟು ಕೂರಿಸಿದೆವು. ಮಗುವನ್ನು ಕೈಗೆ ಕೊಟ್ಟರು. ಮೊದಲು ಮಾಡಿದ್ದೇ ಕೆನ್ನೆ ಸವರಿದ್ದು. ಸವರಿ, ಬೆರಳು ಹಾಗೇ ಇಟ್ಟು, ನಮ್ಮನ್ನೆಲ್ಲ ಒಂದು ಸಲ ನೋಡಿದಳು. ಮಗು ಎಲ್ಲಿಗೂ ಹೋಗಲಿಲ್ಲ. ಆಕಳಿಸಿತು. ಆಮೇಲೆ ಅಜ್ಜಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದಳು. ನನಗೆ ಹಾಡು ಕೇಳಿಸಲಿಲ್ಲ, ಹೆಸರು ಕೂಗಿದ್ದೂ ಸರಿಯಾಗಿ ಕೇಳಿಸಲಿಲ್ಲ, ಕಣ್ಣೂ ಮಂಜಾಗಿತ್ತು. ಆಮೇಲೆ ಮಗನನ್ನು ಕೇಳಿ ಹೆಸರು ತಿಳಿದುಕೊಂಡೆ.

ಊಟ ಆದ ಮೇಲೆ ಆಸೆ ತಡೆಯದೆ ಚೀಲದಿಂದ ಹಗ್ಗ ತೆಗೆದು ತೊಟ್ಟಿಲ ಹತ್ತಿರ ಹೋದೆ, ಮೊಮ್ಮಗಳ ಉದ್ದಕ್ಕೂ ಒಂದು ಗಂಟು ಇರಲಿ ಎಂದು. ಇವಳು ಕೂತಲ್ಲಿಂದಲೇ ಗದರಿದಳು, ಮಗುವನ್ನು ಅಳೆಯಬಾರದು, ಅಳೆದರೆ ಬೆಳೆಯುವುದಿಲ್ಲ ಎಂದು. ಹಗ್ಗ ಮಡಿಸಿ ಇಟ್ಟೆ.

ಇನ್ನೆರಡು ತಿಂಗಳಿಗೆ ಬಾಣಂತಿ, ಮಗು ನಮ್ಮ ಮನೆಗೆ ಬರುತ್ತಾರೆ. ಕರೆತರಲು ತಾನೂ ಹೋಗುತ್ತೇನೆ ಎಂದು ಇವಳು ಈಗಲೇ ಹೇಳಿದ್ದಾಳೆ. ಮಗ ಲೆಕ್ಕ ಹಾಕುತ್ತಿದ್ದಾನೆ. ಮುಂದೆ ಇವಳು, ಹಿಂದೆ ಸೊಸೆ, ಮಗು, ಬೀಗಿತ್ತಿ, ತೊಟ್ಟಿಲು ಬಿಚ್ಚಿದರೂ ಅದರ ಕಂಬಗಳು, ವಾಕರ್. ದೊಡ್ಡ ಕಾರು ತಂದಿದ್ದರೆ ಎಲ್ಲರೂ ಒಟ್ಟಿಗೆ ಬರಬಹುದಿತ್ತು ಎಂದು ಮೆಲ್ಲಗೆ ಗೊಣಗುತ್ತಾನೆ. ತಂದಿದ್ದರೆ ಎಲ್ಲರೂ ಸಂದಿಯ ಬಾಯಲ್ಲಿ ಇಳಿಯಬೇಕಿತ್ತು ಎಂದು ನಾನು ಜೋರಾಗಿಯೇ ಹೇಳುತ್ತೇನೆ. ಜಾಗ ಸಾಲದಿರುವುದು ಒಬ್ಬನಿಗೆ ತಾನೇ. ನಾನು ಮುಂಚಿನ ಬಸ್ಸಿಗೆ ಬಂದುಬಿಡುತ್ತೇನೆ. ನಲ್ಲಿಯ ಹತ್ತಿರ ಯಾರೂ ಗಾಡಿ ನಿಲ್ಲಿಸದ ಹಾಗೆ ನೋಡಿಕೊಂಡು, ಮನೆ ಮುಂದೆ ಕಲ್ಲಿದ್ದ ಜಾಗದಲ್ಲಿ ನಿಂತು, ಆ ಬಾಗಿಲನ್ನು ನಾನೇ ತೆರೆಯುತ್ತೇನೆ.