ಬಗ್ಗಿ ಬಡಿಸಿದವಳ ಮಾತು

ಗೋಷ್ಠಿಯ ಬಂಧುಗಳೇ, ಜರ್ಮನಿಗೆ ಬಂದ ದಿನ ನನ್ನನ್ನು ಬೆಚ್ಚಿಸಿದ್ದು ಚಳಿಯಲ್ಲ, ಮಗಳ ಮನೆಯ ಬಾಗಿಲು. ಇಲ್ಲಿ ಕರೆಗಂಟೆಗೆ ‘ಕ್ಲಿಂಗೆಲ್’ ಅನ್ನುತ್ತಾರೆ. ಅದರ ಪಕ್ಕ ಒಳಗಿರುವವರ ಹೆಸರು ಇರಬೇಕು, ಇಲ್ಲದಿದ್ದರೆ ಟಪಾಲೂ ಬರುವುದಿಲ್ಲ. ಮಗಳು ತನ್ನ ಹೆಸರಿನ ಕೆಳಗೆ ತಾಯಿಯದನ್ನು ಅಂಟಿಸಿ, ಕೊನೆಗೆ ನನ್ನದು ಅಂಟಿಸಿದ್ದಳು. ಹುನಗುಂದದ ಮನೆಗೆ ನಲವತ್ತು ವರ್ಷ ನನ್ನ ಹೆಸರಿಗೇ ಪತ್ರಗಳು ಬಂದಿದ್ದವು.

ಭಾಷೆ ನನಗೆ ಹತ್ತಲಿಲ್ಲ. ‘ಡಾಂಕೆ’, ಅಂದರೆ ಉಪಕಾರವಾಯಿತು, ಎನ್ನುವಷ್ಟು ಕಲಿತು ಒಬ್ಬನೇ ಹೋಗಿ ಬ್ರೆಡ್ಡು ತಂದ ದಿನ ಕುಸ್ತಿ ಗೆದ್ದವನಂತೆ ಬಂದೆ. ಆ ಕರಿ ಬ್ರೆಡ್ಡು ನಮ್ಮ ಖಡಕ್ ರೊಟ್ಟಿಯಷ್ಟೇ ಹಠಮಾರಿ. ನನ್ನ ಹೆಂಡತಿ ನೀಲವ್ವ ಶೇಂಗಾ ಚಟ್ನಿ ಹಚ್ಚಿ ಅದನ್ನು ಪಳಗಿಸಿದಳು. ಆದರೆ ಮಾತಿಗೆ ಜನರಿಲ್ಲ. ಊರಲ್ಲಿ ಮಠದ ತಿಂಗಳ ಗೋಷ್ಠಿಯಲ್ಲಿ ನಾನು ಎದ್ದು ನಿಂತರೆ ‘ಶರಣರು’ ಎಂದು ಕೈ ಮುಗಿಯುತ್ತಿದ್ದಿರಿ.

ಮಗಳು ಇಲ್ಲಿ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಾಳೆ. ನನ್ನ ಬೇಸರ ನೋಡಲಾರದೆ ಒಂದು ಮಧ್ಯಾಹ್ನ ಕಂಪ್ಯೂಟರಿನಲ್ಲಿ ಒಂದು ವಿಚಾರಕೋಶ ತೆರೆದು, ಕನ್ನಡದಲ್ಲಿ ಹೇಳುತ್ತ ಹೋದಳು. ಅದರಲ್ಲಿರುವುದೆಲ್ಲ ಹೆಂಗಸರು ಕಟ್ಟಿದ ವಿಚಾರಗಳು. ಬಿಡುಗಡೆ ಎಂದರೇನು, ಸುಳ್ಳು ಯಾಕೆ ತಪ್ಪು, ಆರೈಕೆಯಿಂದ ನೀತಿ ಹುಟ್ಟುತ್ತದೆಯೇ. ಒಂದೊಂದಕ್ಕೂ ಯೋಚಿಸಿದವಳ ಹೆಸರು, ಅದನ್ನು ಎಲ್ಲಿ ಬರೆದಳೆಂಬ ಗುರುತು. ಮಗಳು ಪುಟ ಸರಿಸಿದಷ್ಟೂ ಮುಗಿಯಲಿಲ್ಲ. ಬಾದಾಮಿಯ ಗುಹೆಯೊಳಗೆ ಮೊದಲ ಸಲ ತಲೆ ಎತ್ತಿದಾಗ ಬಾಯಿ ಕಟ್ಟಿತ್ತಲ್ಲ, ಹಾಗಾಯಿತು. ಇಷ್ಟು ಮಂದಿ ಇದ್ದರೇ? ಇಷ್ಟು ಕಾಲ ಎಲ್ಲಿದ್ದರು?

ಇವರ ಗಂಡಂದಿರು ಏನು ಮಾಡುತ್ತಿದ್ದರೆಂದು ಕೇಳಿದೆ. ಮಗಳು ನಕ್ಕಳು.

“ಕೆಲವರು ಹೆಂಡತಿ ಬರದದ್ದನ್ನ ತಮ್ಮ ಹೆಸರಿಲೇ ಅಚ್ಚು ಹಾಕಿಸಿದ್ರಪ್ಪಾ.”

ನನಗೆ ನಗು ಬರಲಿಲ್ಲ. ಗೋಷ್ಠಿಯಲ್ಲಿ ನೀವು ತಲೆದೂಗಿದ ನನ್ನ ಮಾತುಗಳೆಲ್ಲ ನೀಲವ್ವ ರೊಟ್ಟಿ ಬಡಿಯುತ್ತ ಹೇಳಿದವು. ದಾಸೋಹದಲ್ಲಿ ಬಡಿಸುವವರು ಬಗ್ಗುವುದು ಕೊಡುವವರಿಗೆ ಸೊಕ್ಕು ಬರದಿರಲೆಂದು ಎಂದೆನಲ್ಲ, ಆ ಮಾತಿಗೆ ನನಗೆ ಶಾಲು ಹೊದಿಸಿದಿರಿ. ಅವಳು ಹೆಂಗಸರ ಸಾಲಿನಲ್ಲಿ ಕೂತಿದ್ದಳು.

ಆ ಸಂಜೆ ಅವಳೆದುರು ತಪ್ಪೊಪ್ಪಿಕೊಂಡೆ. ಪಲ್ಯದ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತಲಿಲ್ಲ.

“ಗೊತ್ತೈತ್ರಿ. ಆದ್ರ ನೀವು ಅರ್ಧಾನ ಹೇಳಿದ್ರಿ.”

ಇನ್ನರ್ಧ ಏನೆಂದೆ.

“ದಿನಾ ಬಗ್ಗೋರ ಬೆನ್ನ ಯಾರು ನೋಡಬೇಕು ಅಂತ ಕೇಳಿದ್ದೆ. ಅದನ್ನ ಬಿಟ್ರಿ.”

ಊರಿಗೆ ಬರೆದು ತಿಳಿಸಲೇ ಎಂದಾಗ, ಈ ಸಲ ಪೂರಾ ಬರೆಯಿರಿ ಎಂದಳು. ಅದಕ್ಕೇ ಇದು. ಹುನಗುಂದದಲ್ಲಿ ನನಗಿರುವ ಮಾನ ನನ್ನದಲ್ಲ, ಇಲ್ಲಿಯೋ ನನ್ನನ್ನು ಬಲ್ಲವರೇ ಇಲ್ಲ. ಆದರೂ ಊರಿಗೆ ಬರುವ ಆಸೆ ಬಿಡುವುದಿಲ್ಲ. ಬಂದಾಗ ಗೋಷ್ಠಿಗೆ ಅವಳನ್ನು ಕರೆಯಿರಿ. ನನ್ನನ್ನು ಹಿಂದಿನ ಸಾಲಿನಲ್ಲಾದರೂ ಕೂಡಲು ಬಿಡುವಿರೋ ಇಲ್ಲವೋ, ಇಷ್ಟು ದೂರದಿಂದ ತಿಳಿಯುತ್ತಿಲ್ಲ.