ಏಳೂವರೆಯ ವೀಣೆಯೂ ಹಸಿರಾಗಿತ್ತು

2022ರಲ್ಲಿ ನಾನು ಅಟ್ಲಾಂಟಾ ಬಳಿಯ ಜಾನ್ಸ್ ಕ್ರೀಕ್‌ನಲ್ಲಿ ಮನೆಮನೆಗೆ ಹೋಗಿ ಗಣಿತ ಹೇಳಿಕೊಡುವ ಟ್ಯೂಟರ್ ಆಗಿದ್ದೆ. ವಯಸ್ಸು ಇಪ್ಪತ್ಮೂರು, ಗಾಂಭೀರ್ಯ ಅದರ ಅರ್ಧವೂ ಇರಲಿಲ್ಲ. ಅಪ್ಪಂದಿರ ಆಫೀಸ್ ಕಾಲ್‌ಗಳ ದನಿಯನ್ನು ಅನುಕರಿಸಿ ಮಕ್ಕಳನ್ನು ನಗಿಸುವುದೇ ನನ್ನ ಬೋಧನಾಕ್ರಮ.

ಆರನೇ ತರಗತಿಯ ಅನಘಾಳಿಗೆ ಶಾಲೆ ಬಿಟ್ಟ ಮೇಲಿನ ವೇಳಾಪಟ್ಟಿ ಹಾಕಿಕೊಟ್ಟವನು ನಾನೇ. ಅವಳಪ್ಪ ಶ್ರೀಧರ್ ಅಂಕಲ್ ಸಾಫ್ಟ್‌ವೇರ್ ಮ್ಯಾನೇಜರ್. ಅವರನ್ನು ಮೆಚ್ಚಿಸಲೆಂದು ಆನ್‌ಲೈನ್ ಶೀಟ್ ಮಾಡಿದ್ದೆ: ನಾಲ್ಕರಿಂದ ಎಂಟರವರೆಗೆ ಕಾಲು ಗಂಟೆಗೊಂದು ಸಾಲು, ಒಟ್ಟು ಹದಿನಾರು. ಮುಗಿಸಿದ್ದಕ್ಕೆ ಅವಳೇ ಹಸಿರು ಬಣ್ಣ ಹಾಕಬೇಕು.

ಮೂರನೇ ವಾರದ ಮಂಗಳವಾರ ನಾಲ್ಕೂವರೆಗೆ ಹೋದಾಗ ಅನಘಾ ಕಾಣಲಿಲ್ಲ.

ಅಂಕಲ್ ಹೆಡ್‌ಸೆಟ್ ಮ್ಯೂಟ್ ಮಾಡಿ, "ರೂಮಲ್ಲಿರ್ಬೇಕು ಕಣಯ್ಯ. ಸ್ನ್ಯಾಕ್, ರೀಡಿಂಗ್ ಎರಡೂ ಗ್ರೀನ್ ಆಗಿದೆ ನೋಡು," ಎಂದರು.

ನೋಡಿದೆ. ಏಳೂವರೆಯ ವೀಣೆಯೂ ಹಸಿರಾಗಿತ್ತು.

"ಅಂಕಲ್, ಅವಳು ಮನೆಗೆ ಬಂದಿದ್ದನ್ನ ನೀವು ನೋಡಿದ್ರಾ?"

ಅವರು ನೋಡಿರಲಿಲ್ಲ. ಶೀಟ್ ನೋಡಿದ್ದರು.

ಅವರು ಶಾಲೆಗೆ ಫೋನ್ ಮಾಡಿದರು. ಬಸ್ ಹತ್ತಿದ್ದಾಳೆ, ಅಷ್ಟೇ ಗೊತ್ತು ಎಂದರು ಅಲ್ಲಿಯವರು. ನಾನು ಹಿತ್ತಲಾಚೆಯ ಕೊಳದತ್ತ ಓಡಿದೆ. ನೀರು ಅಲುಗಾಡುತ್ತಿರಲಿಲ್ಲ, ಅದಕ್ಕೇ ಭಯವಾಯಿತು. ಹಿಂದಿನಿಂದ ಅಂಕಲ್ "ಅನೂ..." ಎಂದು ಕೂಗುವುದು ಕೇಳಿಸಿತು. ಅವರ ಎಲ್ಲ ದನಿಗಳನ್ನೂ ನಾನು ಅನುಕರಿಸಿದ್ದೇನೆ. ಅದೊಂದನ್ನು ಇವತ್ತಿಗೂ ಇಲ್ಲ.

ಐದಕ್ಕೆ ಐದು ನಿಮಿಷವಿರುವಾಗ ಗರಾಜಿಗೆ ನುಗ್ಗಿದೆ. ವ್ಯಾನಿನ ಬಾಗಿಲ ಕೆಳಗೆ ಎರಡು ಪುಟ್ಟ ಶೂ. ಒಳಗೆ, ಹಿಂದಿನ ಸೀಟಿನಲ್ಲಿ, ಚಕ್ಕುಲಿ ಡಬ್ಬಿ ಹಿಡಿದು ಅನಘಾ ಸುಮ್ಮನೆ ಕೂತಿದ್ದಳು.

"ಇಲ್ಲೇನೇ ಮಾಡ್ತಿದೀಯ?"

"ನಥಿಂಗ್, ಅಣ್ಣ. ನಥಿಂಗ್‌ಗೆ ಶೀಟಲ್ಲಿ ರೋ ಇಲ್ಲ." ಆಮೇಲೆ ಮಣಿಕಟ್ಟು ತಟ್ಟಿಕೊಂಡು, ಮೂಗಿನಲ್ಲಿ, "ಕಮಾನ್ ಅನಘಾ! ನೆಕ್ಸ್ಟ್, ನೆಕ್ಸ್ಟ್, ಟೈಮ್ ಆಯ್ತು!" ಎಂದಳು.

ನಾನೇ. ತದ್ರೂಪ. ಊರನ್ನೆಲ್ಲ ಆಡಿಕೊಂಡವನಿಗೆ ನಗು ಬರಲಿಲ್ಲ.

ನನ್ನ ಹಿಂದೆಯೇ ಓಡಿ ಬಂದು ಬೈಯಲು ಬಾಯಿ ತೆರೆದ ಅಂಕಲ್ ಬೈಯಲಿಲ್ಲ. ವ್ಯಾನ್ ಹತ್ತಿ ಮಗಳ ಪಕ್ಕ ಕೂತು, "ನಂಗೂ ಒಂದು ಚಕ್ಕುಲಿ ಕೊಡು," ಎಂದರು. ಮನೆಯೊಳಗೆ ಅವರ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು.

ಮರುದಿನ ಹೊಸ ಶೀಟ್ ಮಾಡಿದೆ. ನಾಲ್ಕರಿಂದ ನಾಲ್ಕೂವರೆ ಖಾಲಿ; ಅದಕ್ಕೆ ಬಣ್ಣ ಹಾಕುವಂತಿಲ್ಲ. ಆಮೇಲೆ ಗಣಿತ, ಊಟದ ನಂತರ ಓದು. ವೀಣೆ ವಾರಕ್ಕೆರಡೇ ದಿನ. ಈಗಲೂ ಯಾವ ಮನೆಗೆ ಹೋದರೂ ಮೊದಲು ಶೀಟ್ ತೆರೆಯುವುದಿಲ್ಲ. ಬಾಗಿಲಲ್ಲಿ ಶೂ ಇದೆಯಾ ಎಂದು ನೋಡುತ್ತೇನೆ.